ಅಂತರ್ಜಾಲಕ್ಕೆ ಮುಂಚಿನ ಬದುಕು ಮೇಲಾಗಿತ್ತೇ?

ಹಳೆಯ ವಿದ್ಯಾರ್ಥಿಗಳ ಸಮ್ಮೇಳನ ಮುಗಿದು, ಪ್ರಸಾದ ಸ್ವೀಕರಿಸಿ, ನಾಲ್ವರು ಮರದ ನೆರಳಿನಲ್ಲಿ ಕುಳಿತರೆಂದರೆ ಒಂದು ಮಾತು ತಪ್ಪದೆ ಬರುತ್ತದೆ: “ಏನೇ ಹೇಳಿ, ನಮ್ಮ ಕಾಲವೇ ಚೆನ್ನಾಗಿತ್ತು.” ಈ ಮಾತನ್ನಾಡುವವರ ಜೇಬಿನಲ್ಲಿಯೂ ಮೊಬೈಲ್ ಇರುತ್ತದೆ, ಸಮ್ಮೇಳನದ ಆಹ್ವಾನವೂ ಅದರ ಮೂಲಕವೇ ತಲುಪಿರುತ್ತದೆ. ಆದರೂ ಆ ಮಾತಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಮಕ್ಕಳ ಕೈಗೆ ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂಬ ಪ್ರಶ್ನೆ ಪ್ರತಿದಿನವೂ ಅಧ್ಯಾಪಕರ ಮುಂದೆ ನಿಲ್ಲುತ್ತಿದೆ. ಶಾಲೆಗೆ ಏನನ್ನಾದರೂ ನೀಡಬೇಕೆಂದು ಮುಂದೆ ಬರುವ ದಾನಿಗಳೂ ಇದೇ ಪ್ರಶ್ನೆಯನ್ನು ಕೇಳುತ್ತಾರೆ. ಆದುದರಿಂದ ಅಂತರ್ಜಾಲಕ್ಕೆ ಮುಂಚಿನ ಬದುಕು ನಿಜವಾಗಿಯೂ ಮೇಲಾಗಿತ್ತೇ ಎಂಬುದನ್ನು ರಾಗದ್ವೇಷಗಳಿಲ್ಲದೆ ತೂಗಿ ನೋಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಎಚ್ಚರಿಕೆ ಅಗತ್ಯ. ಮನುಷ್ಯನು ತನ್ನ ಯೌವನವನ್ನು ನೆನೆಯುವಾಗ ಆ ಕಾಲವನ್ನೇ ಹೊಗಳುತ್ತಿದ್ದೇನೆಂದು ಭ್ರಮಿಸುವುದುಂಟು. ಬೆಂಗಳೂರು ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು ಪ್ರಸಾರವನ್ನು ಆರಂಭಿಸಿದ ಮೇಲೆ, ಶಾಲೆಗಳ ಚರ್ಚಾಸ್ಪರ್ಧೆಗಳಿಗೆ ‘ದೂರದರ್ಶನ ವರವೋ ಶಾಪವೋ’ ಎಂಬುದೇ ಸಿದ್ಧವಿಷಯವಾಗಿತ್ತು. ಅಂದು ಶಾಪವೆಂದು ವಾದಿಸಿ ಬಹುಮಾನ ಪಡೆದವರೇ ಇಂದು ಆ ದಿನಗಳನ್ನು ಸುವರ್ಣಯುಗವೆನ್ನುತ್ತಿದ್ದಾರೆ. ಆದುದರಿಂದ ನೆನಪಿನ ಸವಿಯನ್ನು ಒಂದೆಡೆ ಇರಿಸಿ, ಅಂದಿನ ವ್ಯವಸ್ಥೆ ಹೇಗೆ ನಡೆಯುತ್ತಿತ್ತೆಂಬುದನ್ನೇ ಮೊದಲು ನೋಡೋಣ.

ದಕ್ಷಿಣ ಬೆಂಗಳೂರಿನ ಅಂದಿನ ದಿನಗಳು

ಜಯನಗರಕ್ಕೆ 1948ರಲ್ಲಿ ಅಸ್ತಿಭಾರ ಬಿದ್ದಿತು. ಅನಂತರ ಬನಶಂಕರಿಯ ಹಂತಗಳು, ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತ ಜೆ. ಪಿ. ನಗರ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿ. ಟಿ. ಎಂ. ಬಡಾವಣೆ ಒಂದೊಂದಾಗಿ ಬೆಳೆದವು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರಚನೆಯಾದ ಮೇಲೆ ಈ ಬೆಳವಣಿಗೆ ಇನ್ನಷ್ಟು ವೇಗ ಪಡೆಯಿತು. ನಿವೇಶನ ಪಡೆದು ಸಾಲ ಮಾಡಿ ಮನೆ ಕಟ್ಟಿಕೊಂಡವರಲ್ಲಿ ಅಧ್ಯಾಪಕರು, ಬ್ಯಾಂಕಿನ ನೌಕರರು, ಕಾರ್ಖಾನೆಯ ಕಾರ್ಮಿಕರು ಬಹುಮಂದಿ. ಅವರಲ್ಲಿ ಅನೇಕರ ತಂದೆ ತಾಯಿಗಳು ತುಮಕೂರು, ಚಿತ್ರದುರ್ಗ, ಹಾಸನ, ಧಾರವಾಡ ಸೀಮೆಯ ಹಳ್ಳಿಗಳಲ್ಲಿಯೇ ಉಳಿದಿದ್ದರು. ಹೀಗಾಗಿ ಊರಿನ ಸುದ್ದಿ ಎಂಬುದು ಪ್ರತಿ ಮನೆಯ ನಿತ್ಯದ ನಿರೀಕ್ಷೆಯಾಗಿತ್ತು.

ಆ ಸುದ್ದಿಯನ್ನು ತರುತ್ತಿದ್ದವು 15 ಪೈಸೆಯ ಅಂಚೆ ಕಾರ್ಡು ಮತ್ತು ಇನ್‌ಲ್ಯಾಂಡ್ ಪತ್ರ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಪದ್ಧತಿ ಜಾರಿಗೆ ಬಂದ ಮೇಲೆ ಬೆಂಗಳೂರು 11 ಎಂದು ಬರೆಯುತ್ತಿದ್ದವರು 560011 ಎಂದು ಬರೆಯಲು ಕಲಿತರು. ‘ಉಭಯ ಕುಶಲೋಪರಿ’ ಎಂದು ಮೊದಲಾಗುತ್ತಿದ್ದ ಪತ್ರಕ್ಕೆ ಉತ್ತರ ಬರಲು ಒಂದು ವಾರವಾದರೂ ಬೇಕು. ಅವಸರದ ಸಂಗತಿಗೆ ತಂತಿ. ಆದರೆ ತಂತಿ ಬಂದಿತೆಂದರೆ, ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಕೇಳಿಬರುತ್ತಿತ್ತು. ಒಸಗೆಗಿಂತ ಸಾವಿನ ಸುದ್ದಿಯೇ ಅದರಲ್ಲಿ ಹೆಚ್ಚಾಗಿ ಬರುತ್ತಿತ್ತೆಂಬುದೇ ಇದಕ್ಕೆ ಕಾರಣ. ಆ ತಂತಿ ಸೇವೆಯೂ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು.

ದೂರವಾಣಿಯ ಮಾತು ಬೇರೆ. ಎಂಬತ್ತರ ದಶಕದ ಭಾರತದಲ್ಲಿ ನೂರು ಜನರಿಗೆ ಒಂದು ದೂರವಾಣಿಯೂ ಇರಲಿಲ್ಲ. ದೇಶಕ್ಕೆಲ್ಲ ದೂರವಾಣಿ ಯಂತ್ರಗಳನ್ನು ತಯಾರಿಸುತ್ತಿದ್ದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ 1948ರಿಂದ ಬೆಂಗಳೂರಿನಲ್ಲಿಯೇ ಇದ್ದರೂ ಸಂಪರ್ಕಕ್ಕಾಗಿ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಾಗಿತ್ತು. 1981ರಲ್ಲಿ ಪುಣೆಯಲ್ಲಿ ಹುಟ್ಟಿ, 1983ರಲ್ಲಿ ಬೆಂಗಳೂರಿಗೆ ಬಂದು ಜಯನಗರದಲ್ಲಿ ಕಚೇರಿ ತೆರೆದ ಇನ್ಫೋಸಿಸ್ ಸಂಸ್ಥೆಗೆ ಒಂದು ದೂರವಾಣಿ ಸಂಪರ್ಕ ದೊರೆಯಲು ಒಂದು ವರ್ಷ ಹಿಡಿಯಿತೆಂದು ಅದರ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣಮೂರ್ತಿಯವರು ಹಲವು ಸಲ ಹೇಳಿದ್ದಾರೆ. ಉದ್ಯಮಕ್ಕೇ ಈ ಸ್ಥಿತಿಯಿದ್ದಾಗ ಸಾಮಾನ್ಯ ಗೃಹಸ್ಥನ ಪಾಡನ್ನು ಊಹಿಸಬಹುದು. ಬೀದಿಗೊಂದೋ ಎರಡೋ ಮನೆಯಲ್ಲಿ ದೂರವಾಣಿ. ಉಳಿದವರೆಲ್ಲ ತಮ್ಮ ವಿಳಾಸದ ಪುಸ್ತಕದಲ್ಲಿ ಆ ಸಂಖ್ಯೆಯನ್ನೇ ಬರೆದುಕೊಂಡು ಪಕ್ಕದಲ್ಲಿ ‘ನೆರೆಮನೆ’ ಎಂದು ಗುರುತು ಹಾಕುತ್ತಿದ್ದರು. ಪರಸ್ಥಳಕ್ಕೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ನೋಂದಾಯಿಸಿ ಗಂಟೆಗಟ್ಟಲೆ ಕಾಯಬೇಕು. ಬೇಗ ಬೇಕೆಂದರೆ ‘ಅರ್ಜೆಂಟ್’, ಇನ್ನೂ ಬೇಗ ಬೇಕೆಂದರೆ ‘ಲೈಟ್ನಿಂಗ್’. ದರವೂ ಅಷ್ಟಷ್ಟೇ ಏರುತ್ತಿತ್ತು. ನೇರವಾಗಿ ಪರಸ್ಥಳಕ್ಕೆ ಕರೆಮಾಡುವ ಸೌಲಭ್ಯ ನಮ್ಮ ದೇಶದಲ್ಲಿ 1960ರಲ್ಲಿಯೇ ಕಾನ್ಪುರ ಮತ್ತು ಲಕ್ನೋ ನಡುವೆ ಆರಂಭವಾಗಿದ್ದರೂ ಅದು ಜನಸಾಮಾನ್ಯರ ಕೈಗೆಟುಕಿದ್ದು, 1984ರಲ್ಲಿ ಸಿ-ಡಾಟ್ ಸಂಸ್ಥೆ ಸ್ಥಾಪನೆಯಾಗಿ, ಮುಂದೆ ಬೀದಿಬೀದಿಗಳಲ್ಲಿ ಎಸ್. ಟಿ. ಡಿ. ಬೂತ್‌ಗಳು ತೆರೆದಾಗ.

ಅಂದಿನ ಒಂದು ಪ್ರಸಂಗ ಇಲ್ಲಿ ಉಲ್ಲೇಖನೀಯ. ಡಿಪ್ಲೊಮಾ ಮುಗಿಸಿದ ಒಬ್ಬ ತರುಣ ಜಯನಗರದ ನೆಂಟರ ಮನೆಯ ವಿಳಾಸವನ್ನು ಅರ್ಜಿಗಳಲ್ಲಿ ಕೊಟ್ಟು, ಸುಗ್ಗಿಯ ಕೆಲಸಕ್ಕೆಂದು ಊರಿಗೆ ಹೋಗಿದ್ದ. ಸಂದರ್ಶನದ ಪತ್ರ ಬೆಂಗಳೂರಿಗೆ ಬಂದಿತು. ನೆಂಟರು ಅಂದೇ ವಿಳಾಸ ತಿದ್ದಿ ಊರಿಗೆ ಕಳುಹಿಸಿದರು. ಪತ್ರ ಹಳ್ಳಿಯನ್ನು ತಲುಪುವ ವೇಳೆಗೆ ಸಂದರ್ಶನದ ದಿನ ಕಳೆದು ಎರಡು ದಿನಗಳಾಗಿದ್ದವು. ಇದರಲ್ಲಿ ಅಂಚೆಯವರ ತಪ್ಪಿಲ್ಲ, ನೆಂಟರ ತಪ್ಪಿಲ್ಲ, ಕರೆದವರ ತಪ್ಪೂ ಇಲ್ಲ. ತಪ್ಪೆಲ್ಲ ನಡುವಿನ ದೂರದ್ದು. ಅವರು ಬೇರೆ ಕೆಲಸ ಹಿಡಿದು ಬಾಳಿ ನಿವೃತ್ತರಾಗಿದ್ದಾರೆ. ‘ಆ ಕಾಲವೇ ಚೆನ್ನಾಗಿತ್ತು’ ಎಂದು ಯಾರಾದರೂ ಹೇಳಿದಾಗ ಅವರು ನಕ್ಕು ಸುಮ್ಮನಾಗುತ್ತಾರೆ.

ಬದಲಾದದ್ದು ಏನು?

ಅಂತರ್ಜಾಲವು ಮಾಡಿದ ಮುಖ್ಯ ಬದಲಾವಣೆಯನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಅದು ದೂರಕ್ಕೆ ಇದ್ದ ಬೆಲೆಯನ್ನು ಅಳಿಸಿಹಾಕಿತು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯುವುದು ಅವಶ್ಯಕ. ದೂರವಾಣಿಯ ಹಳೆಯ ಪದ್ಧತಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ಅವರ ನಡುವಣ ಮಾರ್ಗ ಅವರಿಬ್ಬರಿಗೇ ಮೀಸಲು. ಅವರು ಮೌನವಾಗಿದ್ದರೂ ಆ ಮಾರ್ಗವನ್ನು ಮತ್ತೊಬ್ಬರು ಬಳಸುವಂತಿಲ್ಲ. ಇದು ಮದುವೆಯ ದಿಬ್ಬಣಕ್ಕೆಂದು ಗೊತ್ತುಮಾಡಿದ ಬಸ್ಸಿನಂತೆ. ಆಸನಗಳು ಖಾಲಿಯಿದ್ದರೂ ಬಾಡಿಗೆ ಪೂರ್ತಿ ತೆರಬೇಕು, ದೂರ ಹೆಚ್ಚಿದಷ್ಟೂ ಬಾಡಿಗೆ ಹೆಚ್ಚು. ಅಂತರ್ಜಾಲದಲ್ಲಾದರೋ ಪ್ರತಿಯೊಂದು ಸಂದೇಶವನ್ನೂ ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಒಂದೊಂದಕ್ಕೂ ತಲುಪಬೇಕಾದ ವಿಳಾಸವನ್ನು ಅಂಟಿಸಿ ಕಳುಹಿಸಲಾಗುತ್ತದೆ. ಲಕ್ಷಾಂತರ ಜನರ ತುಣುಕುಗಳು ಒಂದೇ ಮಾರ್ಗದಲ್ಲಿ ಒಟ್ಟಾಗಿ ಸಾಗಿ, ಆಯಾ ವಿಳಾಸದಲ್ಲಿ ಮತ್ತೆ ಜೋಡಣೆಯಾಗುತ್ತವೆ. ಇದು ಸಾರಿಗೆ ಸಂಸ್ಥೆಯ ಬಸ್ಸಿನಂತೆ. ಎಲ್ಲರೂ ಹಂಚಿಕೊಳ್ಳುವುದರಿಂದ ಒಬ್ಬೊಬ್ಬರ ಪಾಲಿನ ವೆಚ್ಚ ಅತ್ಯಲ್ಪವಾಗುತ್ತದೆ. ಆದುದರಿಂದಲೇ ಇಂದು ಬನಶಂಕರಿಯಿಂದ ಬಸವನಗುಡಿಗೆ ಸಂದೇಶ ಕಳುಹಿಸುವುದಕ್ಕೂ ಅಮೆರಿಕಕ್ಕೆ ಕಳುಹಿಸುವುದಕ್ಕೂ ವೆಚ್ಚದಲ್ಲಿ ವ್ಯತ್ಯಾಸವಿಲ್ಲ.

ಬೆಂಗಳೂರಿಗೆ ಈ ವಿದ್ಯೆ ಹಂತಹಂತವಾಗಿ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಇಲ್ಲಿ ಕೇಂದ್ರವನ್ನು ತೆರೆದು ಉಪಗ್ರಹದ ಮೂಲಕ ತನ್ನ ದೇಶದೊಡನೆ ಸಂಪರ್ಕ ಸಾಧಿಸಿತು. ಭಾರತೀಯ ವಿಜ್ಞಾನ ಮಂದಿರವು ‘ಅರ್ನೆಟ್’ ಎಂಬ ವಿದ್ಯಾಸಂಸ್ಥೆಗಳ ಜಾಲದಲ್ಲಿ ಸೇರಿತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ಆರಂಭಿಸಿತು. ಮುಂದೆ ಜಯನಗರದ ಬೀದಿಗಳಲ್ಲಿ ಎಸ್. ಟಿ. ಡಿ. ಬೂತ್‌ಗಳ ಪಕ್ಕದಲ್ಲಿಯೇ ಸೈಬರ್ ಕೆಫೆಗಳು ತಲೆಯೆತ್ತಿದವು. 2016ರ ಬಳಿಕ ಮೊಬೈಲ್ ಅಂತರ್ಜಾಲದ ದರ ಕುಸಿದಾಗ ಬೂತ್‌ಗಳೂ ಹೋದವು, ಕೆಫೆಗಳೂ ಬಹುಮಟ್ಟಿಗೆ ಮರೆಯಾದವು.

ಲಾಭದ ತಟ್ಟೆ

ದೊರೆತ ಲಾಭಗಳಲ್ಲಿ ಮೊದಲನೆಯದು ಸಾಮಾನ್ಯನ ವೇಳೆ ಉಳಿದದ್ದು. ರೈಲಿನ ಟಿಕೆಟ್ಟಿಗೆಂದು ನಸುಕಿನಲ್ಲಿ ಎದ್ದು ನಗರ ರೈಲು ನಿಲ್ದಾಣದಲ್ಲಿ ಸಾಲು ನಿಲ್ಲುತ್ತಿದ್ದವರಿಗೆ, 2002ರಲ್ಲಿ ಆರಂಭವಾದ ಅಂತರ್ಜಾಲ ಮುಂಗಡ ಕಾದಿರಿಸುವಿಕೆ ಎಂತಹ ಬಿಡುಗಡೆ ಎಂಬುದನ್ನು ವಿವರಿಸಬೇಕಾಗಿಲ್ಲ. ವಿದ್ಯುತ್ತಿಗೊಂದು ಕಡೆ, ನೀರಿಗೊಂದು ಕಡೆ ಹಣ ಕಟ್ಟುತ್ತಿದ್ದವರಿಗೆ 2005ರಲ್ಲಿ ‘ಬೆಂಗಳೂರು ಒನ್’ ಕೇಂದ್ರಗಳು ತೆರೆದವು. ಇಂದು ಅಲ್ಲಿಗೂ ಹೋಗದೆ ಮನೆಯಿಂದಲೇ ಹಣ ಪಾವತಿಸಬಹುದು. ಹಳ್ಳಿಯಲ್ಲಿ ಜಮೀನುಳ್ಳವರಿಗೆ ಇನ್ನೂ ದೊಡ್ಡ ಲಾಭವಾಯಿತು. ಗ್ರಾಮಲೆಕ್ಕಿಗರ ವಶದಲ್ಲಿದ್ದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ಗಣಕಯಂತ್ರಕ್ಕೆ ಏರಿಸಿತು. ಮುಂದೆ ಅವು ಅಂತರ್ಜಾಲದಲ್ಲಿಯೂ ದೊರಕುವಂತಾದವು. ಒಂದು ಪಹಣಿಗಾಗಿ ನಾಲ್ಕು ಸಲ ಅಲೆದು ಕೈಮುಗಿದು ನಿಂತವರಿಗೆ ಇದರ ಬೆಲೆ ಗೊತ್ತು. ಹಿಂದಿನ ಕಾಲದ ನಿಧಾನಗತಿಯನ್ನು ಹೊಗಳುವವರು, ಆ ನಿಧಾನವು ಬಲ್ಲಿದರಿಗಿಂತ ಬಡವರನ್ನೇ ಹೆಚ್ಚು ಕಾಯಿಸುತ್ತಿತ್ತೆಂಬುದನ್ನು ಮರೆಯಬಾರದು.

ಎರಡನೆಯ ಲಾಭ ಜ್ಞಾನದ ಹರಡುವಿಕೆ. ಇದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು (1880–1964) ವಚನಗಳ ತಾಳೆಗರಿಯ ಕಟ್ಟುಗಳನ್ನು ಅರಸಿ ಊರೂರು ಸುತ್ತಿದರು, ಮನೆಮನೆಯ ಬಾಗಿಲು ತಟ್ಟಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು, ವಚನಗಳ ಮುದ್ರಣಕ್ಕಾಗಿ ಅವರು ಸ್ವಂತ ಮನೆಯನ್ನೂ ಮಾರಿದರು. ಅವರೂ ಅನಂತರದ ವಿದ್ವಾಂಸರೂ ಕೂಡಿಸಿದ ಸಂಪತ್ತು 1993ರಲ್ಲಿ ಸರ್ಕಾರದ ‘ಸಮಗ್ರ ವಚನ ಸಂಪುಟ’ಗಳಾಗಿ 15 ಸಂಪುಟಗಳಲ್ಲಿ ಪ್ರಕಟವಾಯಿತು. ಇಂದು ‘ವಚನ ಸಂಚಯ’ ಎಂಬ ಅಂತರ್ಜಾಲ ತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳು ದೊರೆಯುತ್ತವೆ. ಒಂದು ಪದವನ್ನು ಕೊಟ್ಟರೆ ಅದು ಯಾವ ಶರಣರ ಯಾವ ವಚನದಲ್ಲಿದೆ ಎಂಬುದು ಕ್ಷಣದಲ್ಲಿ ಕಣ್ಣಮುಂದೆ ನಿಲ್ಲುತ್ತದೆ. ಪದಕೋಶ ರಚಿಸುವವರು ವರ್ಷಗಟ್ಟಲೆ ಚೀಟಿಗಳಲ್ಲಿ ಬರೆದು ಜೋಡಿಸುತ್ತಿದ್ದ ಕೆಲಸವನ್ನು ಇಂದು ಪ್ರೌಢಶಾಲೆಯ ಹುಡುಗಿಯೊಬ್ಬಳು ಅರ್ಧ ಗಂಟೆಯಲ್ಲಿ ಮಾಡಬಲ್ಲಳು. ಅವಳು ಮಾಡುತ್ತಾಳೆಯೇ ಎಂಬುದು ಮಾತ್ರ ಯಂತ್ರವನ್ನು ಅವಲಂಬಿಸಿಲ್ಲ. ಅವಳಿಗೆ ಆ ಕುತೂಹಲವನ್ನು ಹಚ್ಚಿದ ಅಧ್ಯಾಪಕರನ್ನು ಅವಲಂಬಿಸಿದೆ.

ನಷ್ಟದ ತಟ್ಟೆ

ಇನ್ನು ನಷ್ಟದ ಮಾತು. ಬಹುಮಂದಿ ಮೊದಲು ಹೇಳುವುದು ಸುಳ್ಳುಸುದ್ದಿಯನ್ನು. ಆದರೆ ಗಾಳಿಸುದ್ದಿ ಅಂತರ್ಜಾಲದ ಸಂತಾನವಲ್ಲ. 1995ರ ಸೆಪ್ಟೆಂಬರ್ 21ರಂದು ಗಣೇಶನ ವಿಗ್ರಹಗಳು ಹಾಲು ಕುಡಿಯುತ್ತಿವೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಆಗ ಅಂತರ್ಜಾಲ ಸಾರ್ವಜನಿಕರಿಗೆ ತೆರೆದು ತಿಂಗಳೊಂದು ಕಳೆದಿತ್ತಷ್ಟೆ. ಸುದ್ದಿಯನ್ನು ಹೊತ್ತದ್ದು ದೂರವಾಣಿ ಮತ್ತು ಬಾಯಿಮಾತು. ದ್ರವದ ಮೇಲ್ಮೈ ಎಳೆತದಿಂದ ಚಮಚದ ಹಾಲು ವಿಗ್ರಹದ ಮೇಲೆ ತೆಳುವಾಗಿ ಹರಿದು ಇಳಿಯುತ್ತದೆ ಎಂದು ವಿಜ್ಞಾನಿಗಳು ವಿವರಿಸಿದರು. ಇಂತಹ ವಿಚಾರಬುದ್ಧಿಯನ್ನು ಬೆಳೆಸಲೆಂದೇ ಡಾ. ಎಚ್. ನರಸಿಂಹಯ್ಯನವರು (1920–2005) ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಆರಂಭಿಸಿದ್ದರು.

ಆದರೂ ಹೊಸ ಕಾಲದ ಗಾಳಿಸುದ್ದಿಗೆ ಹೊಸ ಭೀಕರತೆಯಿದೆ. 2012ರ ಆಗಸ್ಟ್ ತಿಂಗಳಲ್ಲಿ, ಹಲ್ಲೆ ನಡೆಯಲಿದೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಗ ಈಶಾನ್ಯ ರಾಜ್ಯಗಳ ಸಾವಿರಾರು ಜನ ಕೆಲಸ, ಓದು ಬಿಟ್ಟು ಬೆಂಗಳೂರಿನಿಂದ ಹೊರಟುಹೋದರು; ಗುವಾಹಾಟಿಗೆ ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಕೇಂದ್ರ ಸರ್ಕಾರವು ಗುಂಪು ಸಂದೇಶಗಳಿಗೆ ಕೆಲವು ದಿನ ಮಿತಿ ಹೇರಿತು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶ ಹರಡಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಚಾಮರಾಜಪೇಟೆಯ ಭಾಗದಲ್ಲಿ ಜನ ಹೊಡೆದು ಕೊಂದರು. ಅದೇ ವರ್ಷ ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂದು ಕಟ್ಟುಮಾಡಿತು. ಹಿಂದೆ ಸುದ್ದಿ ತಂದವನ ಮುಖ ಗೊತ್ತಿರುತ್ತಿತ್ತು. ಅವನ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದು ಬೀದಿಗೇ ಗೊತ್ತಿರುತ್ತಿತ್ತು. ಈಗ ಸುದ್ದಿ ಆಪ್ತರ ಹೆಸರಿನಲ್ಲಿ ಬರುತ್ತದೆ, ಹುಟ್ಟಿದ ತಾಣ ಮಾತ್ರ ಯಾರಿಗೂ ತಿಳಿಯದು. ವಚನಗಳ ಹೆಸರಿನಲ್ಲಿಯೂ, ಯಾವ ಶರಣರೂ ಬರೆಯದ ಸಾಲುಗಳು ಚಿತ್ರಸಹಿತವಾಗಿ ಪ್ರತಿ ಬೆಳಿಗ್ಗೆ ಹರಿದುಬರುತ್ತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅಂಕಿತವಿದೆಯೇ, ಸಂಪುಟದಲ್ಲಿದೆಯೇ ಎಂದು ನೋಡದೆ ಮುಂದೂಡುವವರಲ್ಲಿ ಸುಶಿಕ್ಷಿತರೇ ಹೆಚ್ಚು ಎಂಬುದು ವಿಷಾದದ ಸಂಗತಿ.

ಎರಡನೆಯ ನಷ್ಟ ಇನ್ನೂ ಆಳವಾದುದು. ಅದು ಏಕಾಗ್ರತೆಯ ನಷ್ಟ. ಇದಕ್ಕೆ ಮಕ್ಕಳನ್ನು ಮಾತ್ರ ದೂರುವುದು ಸಲ್ಲದು. ಹಣ ಕೊಡದೆ ದೊರೆಯುವ ತಾಣಗಳು ಜಾಹೀರಾತಿನಿಂದ ಬದುಕುತ್ತವೆ. ನೋಡುವವನು ಎಷ್ಟು ಹೆಚ್ಚು ಹೊತ್ತು ನೋಡುತ್ತಾನೋ ಅಷ್ಟು ಅವುಗಳಿಗೆ ಆದಾಯ. ಆದುದರಿಂದ ಒಂದು ದೃಶ್ಯ ಮುಗಿಯುವ ಮುನ್ನವೇ ಇನ್ನೊಂದು ಬಂದು ನಿಲ್ಲುವಂತೆ, ಕೊನೆಯೇ ಇಲ್ಲದಂತೆ ಅವು ರಚಿತವಾಗಿವೆ. ಪುಸ್ತಕಕ್ಕೆ ಕೊನೆಯ ಪುಟವಿದೆ, ಆಕಾಶವಾಣಿಯ ವಾರ್ತೆಗೆ ಮುಕ್ತಾಯವಿದೆ. ಈ ಪ್ರವಾಹಕ್ಕೆ ಅದಿಲ್ಲ. ಹನ್ನೆರಡು ವರ್ಷದ ಬಾಲಕನ ಸಂಕಲ್ಪಬಲವನ್ನು ಇಂತಹ ಯೋಜಿತ ಆಕರ್ಷಣೆಯ ಎದುರು ನಿಲ್ಲಿಸಿ, ಅವನು ಸೋತಾಗ ಬಯ್ಯುವುದು ನ್ಯಾಯವಲ್ಲ.

ಮೂರನೆಯದು ನೆರೆಹೊರೆಯ ನಷ್ಟ. ಬೀದಿಗೊಂದೇ ದೂರವಾಣಿಯಿದ್ದಾಗ ಕರೆ ಬಂದವರನ್ನು ಕೂಗಿ ಕರೆಯಲು ಆ ಮನೆಯ ಹುಡುಗ ಓಡಬೇಕಾಗಿತ್ತು. ಬಂದವರಿಗೆ ಕಾಫಿ ಕೊಡಬೇಕಾಗಿತ್ತು. ಅವರ ಮನೆಯ ಸುಖದುಃಖ ತಾನಾಗಿಯೇ ತಿಳಿಯುತ್ತಿತ್ತು. ಇಂದು ಯಾರಿಗೂ ಯಾರ ದೂರವಾಣಿಯೂ ಬೇಡ. ಅದೇ ರೀತಿ ಪತ್ರ. ಮೇಲೆ ಹೇಳಿದ ನಿವೃತ್ತರ ಬಳಿ ಅವರ ತಾಯಿಯ ಪತ್ರಗಳ ಒಂದು ಕಟ್ಟಿದೆ. ತಾಯಿಗೆ ಓದುಬರಹ ಬಾರದು. ಊರಿನ ಮೇಷ್ಟರಿಂದ ಬರೆಯಿಸುತ್ತಿದ್ದರು. ‘ಎಮ್ಮೆ ಈದಿದೆ, ಗಿಣ್ಣು ತಿನ್ನಲು ನೀನಿಲ್ಲ’ ಎಂಬಂತಹ ಮಾತುಗಳು ಅವುಗಳಲ್ಲಿವೆ. ಇಂದು ಅವರ ಮಗಳು ಪರದೇಶದಿಂದ ಪ್ರತಿ ಸಂಜೆ ಮುಖ ತೋರಿಸಿ ಮಾತನಾಡುತ್ತಾಳೆ. ಮೊಮ್ಮಗುವಿನ ಮೊದಲ ಹೆಜ್ಜೆಯನ್ನು ಅವರು ಜಯನಗರದಲ್ಲಿ ಕುಳಿತೇ ಕಂಡರು. “ಇದನ್ನು ಬಿಟ್ಟುಕೊಡೆಂದರೆ ಕೊಡಲಾರೆ. ಆದರೆ ನನ್ನ ಪೆಟ್ಟಿಗೆಯಲ್ಲಿ ಅಮ್ಮನ ಪತ್ರಗಳಿವೆ, ಮಗಳದು ಒಂದೂ ಇಲ್ಲ” ಎಂದು ಅವರು ಹೇಳುತ್ತಾರೆ. ಲಾಭನಷ್ಟಗಳೆರಡೂ ಈ ಒಂದು ಮಾತಿನಲ್ಲಿವೆ.

ಒಂದು ಅಗ್ನಿಪರೀಕ್ಷೆ

2020ರಲ್ಲಿ ಕೋವಿಡ್ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಈ ಪ್ರಶ್ನೆಗೆ ಪ್ರತ್ಯಕ್ಷ ಪರೀಕ್ಷೆ ನಡೆಯಿತು. ಅಂತರ್ಜಾಲ ಇಲ್ಲದಿದ್ದರೆ ನಗರದ ಮಕ್ಕಳ ಪಾಠವೇ ನಿಂತುಹೋಗುತ್ತಿತ್ತೆಂಬುದು ನಿಜ. ಆದರೆ ಒಂದೇ ಮೊಬೈಲನ್ನು ತಂದೆ ಕೆಲಸಕ್ಕೆ ಒಯ್ದರೆ ಮೂರು ಮಕ್ಕಳ ತರಗತಿ ತಪ್ಪುತ್ತಿತ್ತು ಎಂಬುದೂ ಅಷ್ಟೇ ನಿಜ. ಆಗ ಸರ್ಕಾರಿ ಶಾಲೆಗಳ ಅಧ್ಯಾಪಕರು ‘ವಿದ್ಯಾಗಮ’ ಯೋಜನೆಯಡಿ ಮಕ್ಕಳಿದ್ದಲ್ಲಿಗೇ ಹೋಗಿ, ಮರದಡಿಯಲ್ಲಿ, ಗುಡಿಯ ಜಗಲಿಯಲ್ಲಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅದೇ ವರ್ಷದ ಅಕ್ಟೋಬರಿನಲ್ಲಿ ಆ ಯೋಜನೆಯನ್ನು ನಿಲ್ಲಿಸಬೇಕಾಯಿತು. ಆ ದಿನಗಳು ಎರಡು ಸಂಗತಿಗಳನ್ನು ಸ್ಪಷ್ಟಪಡಿಸಿದವು: ಅಂತರ್ಜಾಲದಿಂದ ಹೊರಗುಳಿದ ಮಗು ಇಂದು ಶಾಲೆಯಿಂದಲೇ ಹೊರಗುಳಿಯಬಹುದು, ಅಂತರ್ಜಾಲವೊಂದನ್ನೇ ಪಡೆದ ಮಗುವಿಗೆ ಶಾಲೆ ದೊರೆತಂತಾಗದು.

ಉಪಸಂಹಾರ

ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಿದ ಮೇಲೆ, ಅಂತರ್ಜಾಲಕ್ಕೆ ಮುಂಚಿನ ಬದುಕು ಮೇಲಾಗಿತ್ತೆಂದು ಹೇಳಲು ಬರುವುದಿಲ್ಲ. ಬಡವನಿಗೆ, ಹಳ್ಳಿಯವನಿಗೆ, ದೂರದಲ್ಲಿದ್ದವನಿಗೆ ಅದು ಕಠಿನವಾಗಿಯೇ ಇತ್ತು. ಆದರೆ ಆ ಬದುಕಿನಲ್ಲಿ ಕೆಲವು ಒಳಿತುಗಳು ಕೊರತೆಯ ಫಲವಾಗಿಯೇ ದೊರೆಯುತ್ತಿದ್ದವು. ದೂರವಾಣಿ ಇಲ್ಲದ್ದರಿಂದ ನೆರೆಹೊರೆ ಬೆಳೆಯಿತು. ಬೇರೆ ಮನರಂಜನೆ ವಿರಳವಾದುದರಿಂದ ಪುಸ್ತಕ ಕೈಗೆ ಬಂದಿತು. ಉತ್ತರ ತಡವಾಗುತ್ತಿದ್ದುದರಿಂದ ಯೋಚಿಸಿ ಬರೆಯುವ ಅಭ್ಯಾಸ ಉಳಿಯಿತು. ಕೊರತೆ ಹೋದಾಗ ಅದರೊಡನೆ ಈ ಒಳಿತುಗಳೂ ಹೋದವು. ಕೊರತೆಯನ್ನು ಮತ್ತೆ ತರಲು ಸಾಧ್ಯವಿಲ್ಲ, ತರುವುದು ಯೋಗ್ಯವೂ ಅಲ್ಲ. ಆದುದರಿಂದ ಅಂದು ತಾವಾಗಿಯೇ ಒದಗುತ್ತಿದ್ದುದನ್ನು ಇಂದು ನಿಯಮದಿಂದ, ಅಭ್ಯಾಸದಿಂದ ಸಾಧಿಸಬೇಕಾಗಿದೆ. ಶಾಲೆಯ ಕರ್ತವ್ಯ ಇರುವುದು ಇಲ್ಲಿಯೇ.

ಆ ಕರ್ತವ್ಯ ದೊಡ್ಡ ವೆಚ್ಚವನ್ನೇನೂ ಬೇಡುವುದಿಲ್ಲ. ಪ್ರತಿ ತರಗತಿಗೂ ವಾರದಲ್ಲಿ ಒಂದು ಅವಧಿ ಮೌನವಾಚನಕ್ಕೆ ಮೀಸಲಾಗಲಿ. ತಿಂಗಳಿಗೊಮ್ಮೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಅಜ್ಜ ಅಜ್ಜಿಯರಿಗೋ ನೆಂಟರಿಗೋ ಸ್ವಹಸ್ತದಿಂದ ಒಂದು ಪತ್ರ ಬರೆದು ಅಂಚೆಗೆ ಹಾಕಲಿ. ಬಂದ ಸಂದೇಶವನ್ನು ಪರಿಶೀಲಿಸುವ ಕ್ರಮ ಗಣಿತದಂತೆಯೇ ಪಾಠದ ವಿಷಯವಾಗಲಿ: ಇದನ್ನು ಹೇಳಿದವರಾರು, ಎಲ್ಲಿ ಹೇಳಿದರು, ಬೇರೆ ಯಾರು ಕಂಡಿದ್ದಾರೆ ಎಂಬ ಮೂರು ಪ್ರಶ್ನೆಗಳು ನಾಲಗೆಯ ತುದಿಯಲ್ಲಿರಲಿ. ಅಂತರ್ಜಾಲದ ವಂಚನೆಯಲ್ಲಿ ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ಸಂಖ್ಯೆಗೆ ಕರೆಮಾಡಬೇಕೆಂಬುದನ್ನು ಮಕ್ಕಳು ಮನೆಯ ಹಿರಿಯರಿಗೆ ತಿಳಿಸಲಿ. ದಾನಿಗಳಲ್ಲಿ ಒಂದು ವಿನಂತಿ: ಗಣಕಯಂತ್ರಗಳನ್ನು ಕೊಡಿರಿ, ಅವು ಬೇಕು, ಜೊತೆಗೆ ಪುಸ್ತಕಗಳನ್ನೂ, ಆ ಪುಸ್ತಕಗಳ ಮುಂದೆ ಕುಳಿತುಕೊಳ್ಳಲು ಮೇಜು ಕುರ್ಚಿಗಳನ್ನೂ ಕೊಡಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ವಿನಂತಿ: ನಿಮ್ಮ ಪೆಟ್ಟಿಗೆಗಳಲ್ಲಿರುವ ಹಳೆಯ ಪತ್ರಗಳಲ್ಲಿ ತೋರಿಸಬಹುದಾದುವನ್ನು ಒಂದು ದಿನ ಶಾಲೆಗೆ ತಂದು ಮಕ್ಕಳಿಗೆ ಓದಿ ಹೇಳಿರಿ.

ಆ ಓದನ್ನು ಕೇಳಿದ ಒಂದು ಮಗು ಸಂಜೆ ಮನೆಗೆ ಹೋಗಿ, ಮೊಬೈಲನ್ನು ಬದಿಗಿರಿಸಿ, ಊರಿನಲ್ಲಿರುವ ತನ್ನ ಅಜ್ಜಿಗೆ ನಾಲ್ಕು ಸಾಲು ಬರೆದರೂ ಸಾಕು, ಈ ಚರ್ಚೆ ಸಾರ್ಥಕವಾಯಿತೆಂದು ಭಾವಿಸೋಣ.